ಕೆರೆಯ ಅಳತೆಯೂ ಭೂಮಿಯ ಬಾಗೂ

ಭೂಮಾಪನದ ತಂತ್ರಾಂಶ ರೂಪಿಸುವವರು ನೆಲವನ್ನು ಸಮತಟ್ಟೆಂದು ಎಣಿಸುವ ಸಮತಲ ಜ್ಯಾಮಿತಿಯನ್ನು ಆಯ್ದುಕೊಳ್ಳಬೇಕೆ, ಅದರ ಬಾಗನ್ನು ಲೆಕ್ಕಕ್ಕೆ ಹಿಡಿಯುವ ಗೋಳೀಯ ಜ್ಯಾಮಿತಿಯನ್ನೆ ಎಂಬ ಪ್ರಶ್ನೆ ಹೈದರಾಬಾದಿನ ಕೆರೆಗಳ ಮಟ್ಟಿಗೆ ಬರಿಯ ಗಣಿತದ್ದಲ್ಲ. ಅಲ್ಲಿ ಅನ್ವಯವಾಗುತ್ತಿರುವ 2012ರ ಕಟ್ಟಡ ನಿಯಮಗಳು 10 ಹೆಕ್ಟೇರ್ ಮತ್ತು ಅದಕ್ಕೂ ದೊಡ್ಡದಾದ ಕೆರೆಯ ಅಂಚಿನಿಂದ 30 ಮೀಟರ್, ಅದಕ್ಕಿಂತ ಚಿಕ್ಕ ಕೆರೆಯಾದರೆ 9 ಮೀಟರ್ ಜಾಗವನ್ನು ಬಫರ್ ಎಂದು, ಅಂದರೆ ಕಟ್ಟಡವೇಳದ ಅಂಚುಪಟ್ಟಿಯೆಂದು, ಬಿಡಿಸುತ್ತವೆ.

ಈ ಪಟ್ಟಿಗಳನ್ನು ಗುರುತಿಸುವ ತಂತ್ರಾಂಶವೊಂದನ್ನು ಪ್ರಸ್ತುತ ಲೇಖಕನು ಬರೆಯುತ್ತಿದ್ದಾಗ, ಕೆಲಸ ವಹಿಸಿದ್ದ ಸಂಸ್ಥೆಯ ಅಧಿಕಾರಿಯೊಬ್ಬರು ಪರದೆಯ ನಕ್ಷೆ ಯಾವುದರಲ್ಲಿದೆಯೋ ಅಳತೆಯೂ ಅದರಲ್ಲೇ ಆಗಲಿ ಎಂದು ಪಟ್ಟುಹಿಡಿದರು. ಆ ನಕ್ಷೆಯಿದ್ದದ್ದು ವೆಬ್ ಮರ್ಕೇಟರ್ ಎಂಬ ಪ್ರಕ್ಷೇಪದಲ್ಲಿ. ಪ್ರಕ್ಷೇಪವೆಂದರೆ ಗುಂಡಗಿನ ಮೈಯನ್ನು ಚಪ್ಪಟೆಯಾಗಿ ಬಿಡಿಸುವ ಸೂತ್ರ. ಸಮಭಾಜಕದಿಂದ ದೂರ ಸರಿದಂತೆಲ್ಲ ನೆಲವನ್ನು ಹಿಗ್ಗಿಸುವ ಈ ಸೂತ್ರವು 17.4 ಡಿಗ್ರಿ ಉತ್ತರ ಅಕ್ಷಾಂಶದ ಹೈದರಾಬಾದಿನಲ್ಲಿ ಉದ್ದವನ್ನು ಸುಮಾರು ಶೇ. 5ರಷ್ಟು, ವಿಸ್ತೀರ್ಣವನ್ನು ಸುಮಾರು ಶೇ. 10ರಷ್ಟು ಹೆಚ್ಚಿಸಿ ತೋರಿಸುತ್ತದೆ. ಲೇಖಕನು ಇದನ್ನು ಮೊದಲೇ ಬರೆದು ತಿಳಿಸಿದ್ದನು, ಉತ್ತರ ಬರಲಿಲ್ಲ. 1818ರಲ್ಲಿ ಮುಖ್ಯಸ್ಥ ಲ್ಯಾಂಬ್ಟನ್‌ರ ಸಹಾಯಕನಾಗಿ ಭಾರತದ ನೆಲವನ್ನಳೆಯುತ್ತಿದ್ದ ಮಹಾ ತ್ರಿಕೋನಮಿತಿ ಸರ್ವೆಗೆ ಸೇರಿದ ಜಾರ್ಜ್ ಎವರೆಸ್ಟ್ ಇದೇ ಊರಿನಿಂದ ಕೆಲಸ ಆರಂಭಿಸಿ ಲೆಕ್ಕಕ್ಕೆ ಹಿಡಿದಿದ್ದ ಬಾಗು ಆ ಅಧಿಕಾರಿಗೆ ಕ್ಷುಲ್ಲಕವೆನಿಸಿದ್ದು ಸೋಜಿಗವೇ ಸರಿ.

ಪರಿಶೀಲನಾ ಸಭೆಯಲ್ಲಿ 9.2 ಹೆಕ್ಟೇರಿನ ಕೆರೆಯೊಂದು ಪರದೆಯ ಮೇಲೆ 10 ಹೆಕ್ಟೇರ್ ದಾಟಿ ನಿಂತಿತು. ದಾಟಿದ್ದರಿಂದ 9 ಮೀಟರಿನ ಪಟ್ಟಿ 30 ಮೀಟರಿನದಾಯಿತು, ಕೆಂಪು ಗೆರೆ ಒಂದು ಸಾಲು ಮನೆಗಳ ಮೇಲೆ ಹಾದುಹೋಯಿತು. ಟೋಟಲ್ ಸ್ಟೇಷನ್ ಎಂಬ ಭೂಮಾಪನ ಉಪಕರಣ ಹಿಡಿದು ಅದೇ ಅಂಚನ್ನು ನಡೆದು ಅಳೆದಿದ್ದ ಸರ್ವೇಯರ್ ತನ್ನ ಹಾಳೆಯನ್ನು ಮೇಜಿನ ಮೇಲಿಟ್ಟಾಗ, ಅಧಿಕಾರಿಯು ಹಾಳೆಯನ್ನು ನೋಡದೆ ಲೇಖಕನತ್ತ ತಿರುಗಿ, ಪ್ರೋಗ್ರಾಂ ತಪ್ಪಾಗಿದೆ ಎಂದರು. ಪ್ರೋಗ್ರಾಂ ಹೇಳಿದ್ದನ್ನೇ ಮಾಡಿತ್ತು. ನಿಜಕ್ಕೂ ದೊಡ್ಡದಾದ ಕೆರೆಗಳಲ್ಲಿ ಅನ್ಯಾಯ ತಿರುವುಮುರುವಾಗಿತ್ತೆಂಬುದನ್ನು ಅಂದು ಯಾರೂ ಗಮನಿಸಲಿಲ್ಲ: ನಕ್ಷೆಯ 30 ಮೀಟರ್ ನೆಲದ ಮೇಲೆ ಸುಮಾರು 28.5 ಮೀಟರ್ ಮಾತ್ರವಾಗಿದ್ದು, ಆ ವ್ಯತ್ಯಾಸ ಕೆರೆಯ ಪಾಲಿನಿಂದ ಹೋಗಿತ್ತು.

ಎಲ್ಲವನ್ನೂ ಗೋಳದಲ್ಲೇ ಲೆಕ್ಕಹಾಕಿದರಾಯಿತೆಂದು ಮಾಧಾಪುರದಲ್ಲಿ ಇದೇ ವೃತ್ತಿಯಲ್ಲಿರುವ ಲೇಖಕನ ಭಾವಮೈದುನ ವಾದಿಸಿದನಾದರೂ ಅದು ಅರ್ಧಸತ್ಯ. ಪೋಸ್ಟ್‌ಜಿಐಎಸ್ ಎಂಬ ಡೇಟಾಬೇಸ್ ವಿಸ್ತರಣೆಯಲ್ಲಿ ಗೋಳೀಯ ಲೆಕ್ಕಕ್ಕಿರುವ ‘ಜಿಯಾಗ್ರಫಿ’ ವಿಧವು ನಿಧಾನವಾದದ್ದು, ಅದಕ್ಕೊದಗುವ ಕ್ರಿಯೆಗಳೂ ಕಡಿಮೆ. ಬಫರ್ ಎಳೆಯುವಾಗಲಂತೂ ಅದೇ ಒಳಗೊಳಗೆ ಸಮತಲಕ್ಕಿಳಿದು ಕೆಲಸ ಮುಗಿಸುತ್ತದೆ. ಒಂದು ನಗರದ ಕೆರೆಗಳಿಗೆ, ಭೂಮಿಯನ್ನು ರೇಖಾಂಶದ ವಲಯಗಳಾಗಿ ಹಂಚಿ ಒಂದೊಂದನ್ನೂ ಬೇರೆಯಾಗಿ ಚಪ್ಪಟೆಗೊಳಿಸುವ ಯುಟಿಎಂ ಪ್ರಕ್ಷೇಪದ 44ನೇ ವಲಯದ ಸಮತಲವೇ ಸಾಕು. ಅಲ್ಲಿ ಹೈದರಾಬಾದಿನ ಒಂದು ಕಿಲೋಮೀಟರಿಗೆ ಬರುವ ತಪ್ಪು ಸುಮಾರು ಅರ್ಧ ಮೀಟರ್, 30 ಮೀಟರಿಗಾದರೆ ಒಂದೂವರೆ ಸೆಂಟಿಮೀಟರ್.

ಆದರೆ ಆ ವಲಯ ಪಶ್ಚಿಮಕ್ಕೆ 78 ಡಿಗ್ರಿ ಪೂರ್ವ ರೇಖಾಂಶದಲ್ಲಿ ಮುಗಿಯುತ್ತದೆ, ಬೀದರ್ 43ನೇ ವಲಯಕ್ಕೆ ಸೇರುತ್ತದೆ. ಎರಡೂ ಊರುಗಳ ಮಾಹಿತಿ ಒಂದೇ ಕೋಷ್ಟಕದಲ್ಲಿದ್ದರೆ ಜಿಯಾಗ್ರಫಿಯೇ ಲೇಸು. ಡಿಗ್ರಿಗಳಲ್ಲಿರುವ ನಿರ್ದೇಶಾಂಕಗಳನ್ನು ಸಮತಲದ ವಿಧದಲ್ಲೇ ಇಟ್ಟು, ಮೀಟರೆಂದೆಣಿಸಿ ಹೈದರಾಬಾದಿನ ಒಂದು ಬಿಂದುವಿನಿಂದ 30ರೊಳಗಿನ ಕೆರೆಗಳನ್ನು ಕೇಳಿದವರಿಗೆ, ಡೇಟಾಬೇಸು ಅದನ್ನು 30 ಡಿಗ್ರಿಯೆಂದೇ ತಿಳಿದು, ಯಾವ ಎಚ್ಚರಿಕೆಯನ್ನೂ ಕೊಡದೆ ಕಾಶ್ಮೀರದ ಸರೋವರಗಳನ್ನೂ ಸೇರಿಸಿ ಒಪ್ಪಿಸುತ್ತದೆ.