ಎರೆಭೂಮಿಯ ಬಿರುಕಿಗೆ ಪ್ಲಾಸ್ಟಿಕ್ ಚೂರು ಇಳಿಯದಿರಲಿ

ರೋಣ ಹಾಗೂ ನರಗುಂದ ತಾಲ್ಲೂಕುಗಳ ಹೆಚ್ಚಿನ ಜಮೀನು ಎರೆಭೂಮಿ. ಬೇಸಿಗೆಯಲ್ಲಿ ಈ ಮಣ್ಣು ಕುಗ್ಗಿ, ಅರ್ಧ ಮೀಟರಿಗೂ ಹೆಚ್ಚು ಆಳಕ್ಕೆ ಬಿರಿಯುತ್ತದೆ. ಮೇಲಿನ ಹುಡಿಮಣ್ಣು, ಕಸಕಡ್ಡಿ ಬಿರುಕಿನೊಳಗೆ ಬೀಳುತ್ತವೆ. ಮಳೆಯಾದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಒಳಸೇರಿದ ಜೋಳದ ರವದಿ ಕೊಳೆತು ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಚೂರು ಹಾಗಲ್ಲ. ಒಮ್ಮೆ ಒಳಸೇರಿದರೆ ಅದನ್ನು ಆರಿಸಿ ತೆಗೆಯಲು ಸಾಧ್ಯವಿಲ್ಲ.

ಸೂಕ್ಷ್ಮ ಪ್ಲಾಸ್ಟಿಕ್ ಎಂದರೇನು?

5 ಮಿ.ಮೀ.ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಕಣಗಳಿಗೆ ಈ ಹೆಸರು. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಒಡೆಯುತ್ತದೆ. ಕುಂಟೆ, ರೋಟವೇಟರ್‌ಗಳು ಅದನ್ನು ಮತ್ತಷ್ಟು ಚೂರು ಮಾಡುತ್ತವೆ. ಹರಿದ ಗೊಬ್ಬರದ ಚೀಲ, ಉಳ್ಳಾಗಡ್ಡಿಯ ಜಾಳಿಗೆ ಚೀಲ, ಹೊದಿಕೆ ಹಾಳೆ, ಹನಿ ನೀರಾವರಿಯ ಹಳೆಯ ಪೈಪು, ಕೃಷಿಹೊಂಡದ ಹಾಳೆ ಇವು ಹೊಲದಲ್ಲಿನ ಮೂಲಗಳು. ತಿಪ್ಪೆಗೆ ಸೇರಿದ ಮನೆಯ ಕಸದಿಂದಲೂ ಬರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಬೇಸಾಯ ಹಾಗೂ ಪಶುಪಾಲನೆಯಲ್ಲಿ 125 ಲಕ್ಷ ಟನ್ ಪ್ಲಾಸ್ಟಿಕ್ ಸಾಮಗ್ರಿ ಬಳಕೆಯಾಯಿತು.

ಹಾನಿ

ಕಣಗಳು ಹೆಚ್ಚಿದಂತೆ ಮಣ್ಣಿನ ಹರಳುಗಟ್ಟುವ ಗುಣ, ನೀರಿನ ಚಲನೆ ಬದಲಾಗಬಹುದು. ಎರೆಹುಳುಗಳು ಅವನ್ನು ಇನ್ನೂ ಕೆಳಕ್ಕೆ ಒಯ್ಯುತ್ತವೆ. ಗಜೇಂದ್ರಗಡದ ಗುಡ್ಡದ ಬದಿಯ ಇಳಿಜಾರು ಮಸಾರಿ ಜಮೀನಿನಲ್ಲಿ ಮಳೆನೀರು ಚೂರುಗಳನ್ನು ಹಳ್ಳ, ಕೆರೆಗಳಿಗೆ ಸಾಗಿಸುತ್ತದೆ. ಬೆಣ್ಣಿಹಳ್ಳಕ್ಕೆ ಬಿದ್ದದ್ದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಹೋಗುತ್ತದೆ. ಚೀಲ ತಿಂದ ದನದ ಹೊಟ್ಟೆ ಕಟ್ಟಿ ಸಾವು ಸಂಭವಿಸುತ್ತದೆ. 2022ರಲ್ಲಿ ನೆದರ್ಲೆಂಡ್ಸ್ ವಿಜ್ಞಾನಿಗಳು ಮನುಷ್ಯರ ರಕ್ತದಲ್ಲಿಯೂ ಈ ಕಣಗಳನ್ನು ಗುರುತಿಸಿದರು.

ರೈತರು ಕೈಕೊಳ್ಳಬೇಕಾದ ಕ್ರಮಗಳು

1. ಹಿಂಗಾರಿ ಕಡಲೆ, ಜೋಳದ ಕೊಯಿಲು ಮುಗಿದೊಡನೆ, ಬಿರುಕು ಅಗಲವಾಗುವ ಮೊದಲೇ, ಹೊಲದ ಪ್ಲಾಸ್ಟಿಕ್ ಆರಿಸಿರಿ. ಆರಿಸದೆ ಹರಗಬೇಡಿರಿ.

2. ಹೊದಿಕೆಗೆ 25 ಮೈಕ್ರಾನ್ ಅಥವಾ ಅದಕ್ಕಿಂತ ದಪ್ಪ ಹಾಳೆ ಬಳಸಿರಿ. ತೀರ ತೆಳುವಾದದ್ದು ಚಿಂದಿಯಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಸಾಧ್ಯವಿದ್ದಲ್ಲಿ ರವದಿ, ಹೊಟ್ಟು ಹೊದಿಸಿರಿ.

3. ತಿಪ್ಪೆಗೆ ಪ್ಲಾಸ್ಟಿಕ್ ಹಾಕಬೇಡಿರಿ. ಗೊಬ್ಬರ ಹೇರುವಾಗ ಕಂಡದ್ದನ್ನು ಬೇರ್ಪಡಿಸಿರಿ.

4. ಹಳೆಯ ಪೈಪು, ಚೀಲಗಳನ್ನು ನೆರಳಿನಲ್ಲಿ ಕೂಡಿಟ್ಟು ಗುಜರಿಗೆ ಕೊಡಿರಿ. ಬದುವಿನಲ್ಲಿ ಸುಡಬಾರದು, ಹೊಗೆ ವಿಷಕಾರಿ.

5. ಕೀಟನಾಶಕದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿಯಿರಿ. ಡಬ್ಬಿಗೆ ತೂತು ಮಾಡಿ ಬೇರೆಯಾಗಿಡಿರಿ. ವಿಲೇವಾರಿಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಪ್ಲಾಸ್ಟಿಕ್ ಇಲ್ಲದೆ ಇಂದಿನ ಬೇಸಾಯ ಕಷ್ಟ. ಆದರೆ ಹೊಲಕ್ಕೆ ಒಯ್ದದ್ದನ್ನು ಇಡಿಯಾಗಿರುವಾಗಲೇ ಹೊರತರುವುದು ನಮ್ಮ ಕೈಯಲ್ಲಿದೆ. ಚೂರಾದ ಮೇಲೆ ಅದು ಮಕ್ಕಳ ಪಾಲಿನ ಭೂಮಿಯಲ್ಲಿ ಉಳಿಯುತ್ತದೆ.