‘ಪರವಾಗಿಲ್ಲ’ ಎಂಬ ಉತ್ತರ: ವಿದ್ಯಾರ್ಥಿತೃಪ್ತಿಯ ಮಾಪನ ಮತ್ತು ಗ್ರಾಮೀಣ ಕಲಿಕೆ

ಉನ್ನತ ಶಿಕ್ಷಣವನ್ನು ‘ಸೇವೆ’ ಎಂದೂ ವಿದ್ಯಾರ್ಥಿಯ ‘ತೃಪ್ತಿ’ಯನ್ನು ಅದರ ಅಳತೆಗೋಲೆಂದೂ ಪರಿಗಣಿಸುವ ಕ್ರಮ ವಾಣಿಜ್ಯ ಕ್ಷೇತ್ರದಿಂದ ಬಂದುದು. ಪರಶುರಾಮನ್, ಝೈಥಾಮ್ಲ್ ಮತ್ತು ಬೆರಿ ಅವರು 1988ರಲ್ಲಿ ಪ್ರಕಟಿಸಿದ ‘ಸರ್ವ್‌ಕ್ವಾಲ್’ ಮಾಪಕವು ಬ್ಯಾಂಕು, ದೂರವಾಣಿ, ದುರಸ್ತಿ ಮೊದಲಾದ ಸೇವೆಗಳ ಗ್ರಾಹಕರನ್ನು ಆಧರಿಸಿ ರೂಪುಗೊಂಡಿತು. ಭೌತಿಕ ಸೌಕರ್ಯ, ನಂಬಿಕಾರ್ಹತೆ, ಸ್ಪಂದನ, ಭರವಸೆ, ಸಹಾನುಭೂತಿ ಎಂಬ ಐದು ನೆಲೆಗಳಲ್ಲಿ ಅದರ 22 ಹೇಳಿಕೆಗಳು ಹಂಚಿಕೊಂಡಿವೆ. ಪ್ರತಿಯೊಂದಕ್ಕೂ ಗ್ರಾಹಕನು ನಿರೀಕ್ಷಿಸಿದ್ದೇನು, ಪಡೆದದ್ದೇನು ಎಂದು ಎರಡು ಸಲ ಕೇಳಿ, ಎರಡರ ನಡುವಿನ ಅಂತರವನ್ನೇ ಗುಣಮಟ್ಟವೆಂದು ಎಣಿಸಲಾಗುತ್ತದೆ.

ಈ ಲೆಕ್ಕಾಚಾರದ ತೊಡಕು ‘ನಿರೀಕ್ಷೆ’ ಎಂಬ ಪದದಲ್ಲಿಯೇ ಇದೆ. ಮೈಸೂರು ಜಿಲ್ಲೆಯ ಸಾಲಿಗ್ರಾಮವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು (ಉಡುಪಿ ಜಿಲ್ಲೆಯ ಸಾಲಿಗ್ರಾಮ ಬೇರೆ). ಜೈನ ಬಸದಿಗಳಿಗೂ ರಾಮಾನುಜರ ಪರಂಪರೆಗೂ ಹೆಸರಾದ ಈ ಊರು ಹಿಂದೆ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿತ್ತು. ಈಗ ಪ್ರತ್ಯೇಕ ತಾಲ್ಲೂಕಿನ ಕೇಂದ್ರ. ಇಂಥ ಕಡೆಯ ಬೇಸಾಯದ ಮನೆತನದಿಂದ ಮೊದಲ ಬಾರಿಗೆ ಪದವಿ ತರಗತಿಗೆ ಬರುವ ವಿದ್ಯಾರ್ಥಿಗೆ ಕಾಲೇಜು ಹೇಗಿರಬೇಕೆಂದು ಮನೆಯಲ್ಲಿ ಹೇಳುವವರಿಲ್ಲ. ಗ್ರಂಥಾಲಯದಿಂದ ಎರಡು ಪುಸ್ತಕ ದೊರೆತರೆ ಅದೇ ದೊಡ್ಡದು. ನಿರೀಕ್ಷೆ ಕಿರಿದಾದಷ್ಟೂ ಅಂತರ ಕಿರಿದಾಗುತ್ತದೆ, ಗುಣಮಟ್ಟ ಉನ್ನತವೆಂದು ಕಾಣುತ್ತದೆ. ಅನುಕೂಲಸ್ಥ ನಗರ ವಿದ್ಯಾರ್ಥಿಯ ಅತೃಪ್ತಿಗಿಂತ ಈ ತೃಪ್ತಿಯೇ ಅಧ್ಯಾಪಕರನ್ನು ಹೆಚ್ಚು ಚಿಂತೆಗೀಡುಮಾಡಬೇಕು.

ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ‘ಪಾಠ ಹೇಗೆ ನಡೆಯುತ್ತಿದೆ?’ ಎಂದು ಕೇಳಿದರೆ ಈ ಭಾಗದ ವಿದ್ಯಾರ್ಥಿ ಸಾಮಾನ್ಯವಾಗಿ ಕೊಡುವ ಉತ್ತರ ‘ಪರವಾಗಿಲ್ಲ ಸಾರ್’. ಧ್ವನಿಯ ಏರಿಳಿತಕ್ಕೆ ತಕ್ಕಂತೆ ಅದು ಮೆಚ್ಚುಗೆಯೂ ಆಗಬಹುದು, ಸಹನೆಯೂ ಆಗಬಹುದು, ಗುರುವಿನೆದುರು ನುಂಗಿಕೊಂಡ ದೂರೂ ಆಗಬಹುದು. ಸೊನ್ನೆಯಿಂದ ನಾಲ್ಕರವರೆಗಿನ ಅಂಕಪಟ್ಟಿಯಲ್ಲಿ ಈ ಮಾತಿಗೆ ಸ್ಥಾನವೆಲ್ಲಿ? ಇನ್ನು ‘ಸೇವೆ’ ಎಂದರೆ ಕನ್ನಡದ ಕಿವಿಗೆ ದೇವರಿಗೋ ಹಿರಿಯರಿಗೋ ಸಲ್ಲಿಸುವಂಥದ್ದು. ತಾನೇ ಗುರುವಿನಿಂದ ಸೇವೆ ಪಡೆಯುವವನೆಂಬ ಭಾವ ಪ್ರಶ್ನಾವಳಿಯನ್ನು ಭಾಷಾಂತರಿಸಿದ ಮಾತ್ರಕ್ಕೆ ಹುಟ್ಟುವುದಿಲ್ಲ.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ, 1994ರಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆ 2017ರ ಪರಿಷ್ಕೃತ ಮೌಲ್ಯಮಾಪನ ಕ್ರಮದಲ್ಲಿ ವಿದ್ಯಾರ್ಥಿತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಅದರ 21 ಪ್ರಶ್ನೆಗಳಲ್ಲಿ 20 ಆಯ್ಕೆಯ ಪ್ರಶ್ನೆಗಳು. ಪಠ್ಯ ಎಷ್ಟು ಭಾಗ ಮುಗಿಯಿತು, ಅಧ್ಯಾಪಕರ ಸಿದ್ಧತೆ ಹೇಗಿತ್ತು, ಆಂತರಿಕ ಮೌಲ್ಯಮಾಪನ ನ್ಯಾಯಯುತವೇ ಎಂಬಂಥವು. ಬೋಧನೆಯ ಮಟ್ಟಿಗೆ ಇವು ಸರಿಯೇ. ಆದರೆ ದೂರದಿಂದ ಬರುವವನ ಕಲಿಕೆ ತರಗತಿಯಲ್ಲಿ ಆರಂಭವಾಗುವುದಿಲ್ಲ. ಬಸ್ ನಿಲ್ದಾಣದಲ್ಲಿ ಆರಂಭವಾಗುತ್ತದೆ. ಮೊದಲ ಅವಧಿ ತಪ್ಪುವುದು ಬಸ್ಸಿನಿಂದಲೋ ಬೇಸರದಿಂದಲೋ ಎಂಬುದನ್ನು ಹಾಜರಿ ಪುಸ್ತಕ ಹೇಳದು. 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆ ವಿದ್ಯಾರ್ಥಿನಿಯರ ಪ್ರಯಾಣ ವೆಚ್ಚವನ್ನು ಇಳಿಸಿತು. ಸಂಜೆ ಹಿಂದಿರುಗುವ ಬಸ್ಸಿನ ಸಮಯವಾದರೋ ಗ್ರಂಥಾಲಯದಲ್ಲಿ ಎಷ್ಟು ಹೊತ್ತು ಕುಳಿತುಕೊಳ್ಳಬಹುದೆಂಬುದನ್ನು ಈಗಲೂ ನಿರ್ಧರಿಸುತ್ತದೆ.

ತೃಪ್ತಿ ತತ್ಕಾಲದ್ದು, ಗುಣಮಟ್ಟ ತಿಳಿಯುವುದು ತಡವಾಗಿ. ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರಸಂಗ ಇದಕ್ಕೆ ಸಾಕ್ಷಿ. ಅದರ ಮಾನ್ಯತೆ 2012–13ರ ಆಚೆಗೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಣ ಅವಧಿಯಲ್ಲಿ ಪ್ರವೇಶ ಪಡೆದವರನ್ನು 2014ರಲ್ಲಿ ಕೇಳಿದ್ದರೆ ಪಠ್ಯಸಾಮಗ್ರಿ, ಸಂಪರ್ಕ ತರಗತಿಗಳ ಬಗ್ಗೆ ಪೂರ್ಣಾಂಕವನ್ನೇ ಕೊಡಬಹುದಿತ್ತು. ಹೊಲ, ನೌಕರಿ ಬಿಡಲಾಗದೆ ದೂರಶಿಕ್ಷಣವನ್ನು ನೆಚ್ಚಿದವರಿಗೆ ಬೇಕಾಗಿದ್ದುದು ಪದವಿಗೆ ಬೆಲೆಯುಂಟೆಂಬ ನಂಬಿಕೆ. ‘ಸರ್ವ್‌ಕ್ವಾಲ್’ ಕರ್ತೃಗಳೂ ಐದು ನೆಲೆಗಳಲ್ಲಿ ನಂಬಿಕಾರ್ಹತೆಯೇ ಅತಿಮುಖ್ಯವೆಂದು ಕಂಡುಕೊಂಡಿದ್ದರು. ನಮ್ಮ ಸಂಸ್ಥೆಗಳು ಬಣ್ಣ ಬಳಿಯುವುದಕ್ಕೆ, ಅಂದರೆ ಭೌತಿಕ ಸೌಕರ್ಯಕ್ಕೆ, ಹೆಚ್ಚು ಗಮನ ಕೊಡುವುದು ಸೋಜಿಗ.

ನ್ಯಾಕ್ ಪ್ರಶ್ನಾವಳಿಯ 21ನೆಯ ಪ್ರಶ್ನೆ ಮಾತ್ರ ಮುಕ್ತವಾದುದು: ಸುಧಾರಣೆಗೆ ಮೂರು ಸಲಹೆ ನೀಡುವಂತೆ ಅದು ಕೇಳುತ್ತದೆ. ಶೇಕಡಾವಾರಿಗೆ ಒಗ್ಗದ ಕಾರಣ ಈ ಉತ್ತರಗಳು ಕಡತದಲ್ಲಿ ಉಳಿದುಬಿಡುವುದೇ ಹೆಚ್ಚು. ಕನ್ನಡ ವಿಭಾಗಗಳು ಅವನ್ನು ಕನ್ನಡದಲ್ಲಿಯೇ, ಹೆಸರಿಲ್ಲದೆ ಬರೆಸಿ, ಒಂದು ಪಠ್ಯವನ್ನು ಓದುವಷ್ಟೇ ಎಚ್ಚರದಿಂದ ಓದುವುದು ಸಾಧ್ಯ. ‘ಎಲ್ಲಾ ಚೆನ್ನಾಗಿದೆ, ಆದರೆ’ ಎಂದು ಆರಂಭವಾಗುವ ವಾಕ್ಯದಲ್ಲಿ ‘ಆದರೆ’ಯ ಮುಂದೆ ಏನಿದೆಯೆಂದು ನೋಡುವ ಅಭ್ಯಾಸ ಈ ವಿಭಾಗದವರಿಗೆ ಹೊಸತಲ್ಲ.