ರಷ್ಯಾದ ಸಾಮ್ರಾಜ್ಞಿಯ ಬಾಲಿಕಾ ವಿದ್ಯಾಶಾಲೆ

ಬಹಮನೀ ಸುಲ್ತಾನರ ಕಾಲದಲ್ಲಿ ನಮ್ಮ ಬೀದರಕ್ಕೆ ಬಂದಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿತಿನನ ಹೆಸರನ್ನು ವಾಚಕರು ಕೇಳಿರಬಹುದು. ಸುಮಾರು ಮುನ್ನೂರು ವರ್ಷಗಳ ತರುವಾಯ ಅವನ ದೇಶದಲ್ಲಿ ಎರಡನೆಯ ಕ್ಯಾಥರೀನಳು ಪತಿಯನ್ನೇ ಪಟ್ಟದಿಂದಿಳಿಸಿ, 1762ರಲ್ಲಿ ತಾನು ಪಟ್ಟವೇರಿದಳು. 1764ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸ್ಮೋಲ್ನಿ ಮಠದಲ್ಲಿ ಕುಲೀನರ ಇನ್ನೂರು ಬಾಲಿಕೆಯರಿಗಾಗಿ ವಿದ್ಯಾಶಾಲೆಯನ್ನು ಸ್ಥಾಪಿಸಿದಳು. ಮರುವರ್ಷ ಪೇಟೆಯ ಜನರ ಹೆಣ್ಣುಮಕ್ಕಳಿಗೂ ಒಂದು ವಿಭಾಗವು ಉಂಟಾಯಿತು. ಕುಲೀನರ ವಿಭಾಗಕ್ಕೆ ಆರು ವರ್ಷದ ಮಗಳನ್ನು ಸೇರಿಸುವ ತಂದೆತಾಯಿಗಳು, ಹನ್ನೆರಡು ವರ್ಷ ಅವಳನ್ನು ಮರಳಿ ಕೇಳುವುದಿಲ್ಲವೆಂದು ಬರೆದುಕೊಡಬೇಕಾಗಿತ್ತು. ಮದುವೆಯ ನೆವದಿಂದ ಹುಡುಗಿಯನ್ನು ಅರ್ಧದಲ್ಲೇ ಶಾಲೆ ಬಿಡಿಸುವ ನಮ್ಮ ಕಡೆಯ ಮನೆಗಳವರಿಗೆ ಇದು ಕಠಿಣವೆನಿಸೀತು; ನನಗೂ ಅನಿಸುತ್ತದೆ, ಆರು ವರ್ಷದ ಕೂಸಲ್ಲವೇ! ಆದರೂ 1776ರಲ್ಲಿ ಮೊದಲನೆಯ ತಂಡವು ವಿದ್ಯೆಯನ್ನು ಪೂರ್ತಿ ಮುಗಿಸಿಯೇ ಹೊರಬಂದಿತು. ಜೀತದ ರೈತರ ಹೆಣ್ಣುಮಕ್ಕಳಿಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ.